ನಾಳೆ ಕೆಲಸಕ್ಕ ಬಾ

ಕೂಲಿ ಮಾಡಿ ಬದುಕಿದವರಿಗೆ ನಿವೃತ್ತಿಯ ಪತ್ರ ಬರುವುದಿಲ್ಲ, ಹಾರ ಹಾಕಿ ಬೀಳ್ಕೊಡುವವರೂ ಇರುವುದಿಲ್ಲ. ಒಂದು ಸಂಜೆ ಆಳು ಕರೆಯಲು ಬಂದವಳು ಅವರ ಮನೆ ದಾಟಿ ಮುಂದಿನ ಮನೆಯ ಕಟ್ಟೆಗೆ ನಿಂತು "ನಾಳೆ ಕೆಲಸಕ್ಕ ಬಾ" ಎನ್ನುತ್ತಾಳೆ. ಕೆಲಸ ಹೋಯಿತೆಂದು ಗೊತ್ತಾಗುವುದು ಹಾಗೆ.

*

"ಮುದುಕಿ ಆಗ್ಯಾಳ, ಬ್ಯಾಡ" ಎಂದು ಎದುರಿಗೆ ಯಾರೂ ಅನ್ನುವುದಿಲ್ಲ. ಎದುರಿಗೆ ಅನ್ನುವುದು "ನಿಮಗ್ಯಾಕ್ರಿ ಈ ವಯಸ್ಸಿನ್ಯಾಗ ತ್ರಾಸು" ಎಂದು. ಹಾಗೆಂದವರು ಆಕೆಯ ಬಿಪಿ ಗುಳಿಗೆಗೆ ದುಡ್ಡು ಯಾರು ಕೊಡುತ್ತಾರೆಂದು ಒಮ್ಮೆ ಕೇಳಿದ್ದರೆ ಅದನ್ನು ಕಾಳಜಿ ಎಂದು ನಂಬಬಹುದಿತ್ತು.

*

ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಈಗ ಬಹುಮಟ್ಟಿಗೆ ಎಕರೆ ಲೆಕ್ಕದ ಗುತ್ತಿಗೆ. ಹೆಣ್ಣುಮಕ್ಕಳ ಗುಂಪೊಂದು ಎಕರೆಗೆ ಇಷ್ಟು ಎಂದು ಮಾತಾಡಿ ಗದ್ದೆಗಿಳಿಯುತ್ತದೆ, ಬಂದದ್ದನ್ನು ಸಮನಾಗಿ ಹಂಚಿಕೊಳ್ಳುತ್ತದೆ. ಹಂಚಿಕೆಯಲ್ಲಿ ಮೋಸವಿಲ್ಲ. ಆದರೆ ಸೊಂಟ ಹಿಡಿದ ಅರವತ್ತರ ಹೆಂಗಸು ಎರಡು ಮಾರು ಹಿಂದುಳಿದರೆ ಅವಳ ಪಾಲಿನ ಸಸಿಯನ್ನು ಪಕ್ಕದವಳು ಹಚ್ಚಬೇಕು. ದಿನಗೂಲಿ ಇದ್ದಾಗ ನಿಧಾನ ಎಂಬುದು ಹೊಲದವನ ನಷ್ಟವಾಗಿತ್ತು. ಗುತ್ತಿಗೆ ಬಂದ ಮೇಲೆ ಅದು ಜೊತೆಗಾತಿಯ ನಷ್ಟವಾಯಿತು. ಈಗ ಹೊಲದವನು ಯಾರನ್ನೂ ಬೇಡ ಎನ್ನಬೇಕಾಗಿಲ್ಲ, ಗುಂಪೇ ಒಬ್ಬಳನ್ನು ಬಿಟ್ಟು ಬರುತ್ತದೆ. ಮೂವತ್ತು ವರ್ಷ ಜೊತೆಗೆ ಉಂಡವರು ಬಿಟ್ಟು ಬರುತ್ತಾರೆ. ಅವರ ಮನಸ್ಸು ಕಲ್ಲಾಗಿಲ್ಲ, ಅಳತೆ ಬದಲಾಗಿದೆ.

*

ಅದೇ ಹೆಂಗಸನ್ನು ಸಸಿಮಡಿಯ ಹತ್ತಿರ ಕೂರಿಸಿ ನೋಡಿ. ಯಾವ ಸಸಿ ಬಲಿತಿದೆ, ಯಾವುದನ್ನು ಇನ್ನೂ ನಾಲ್ಕು ದಿನ ಬಿಡಬೇಕು, ಬೇರು ಹರಿಯದಂತೆ ಹೇಗೆ ಕೀಳಬೇಕು, ಹಿಡಿಗಟ್ಟು ಎಷ್ಟಿರಬೇಕು ಎಂಬುದು ಅವಳ ಕೈಗೆ ಗೊತ್ತು. ಬಾಗಿ ಹಿಂದಕ್ಕೆ ಹೆಜ್ಜೆಯಿಡುವ ಕೆಲಸ ಅವಳಿಂದ ಆಗಲಿಕ್ಕಿಲ್ಲ. ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಇನ್ನೂ ಹತ್ತು ವರ್ಷ ಆದೀತು.

*

ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದಲ್ಲಿ ಮುಪ್ಪಿಗೂ ಒಂದು ಪಾಳಿ ಇತ್ತು. ರಂಟೆ ಹಿಡಿಯಲಾಗದವನು ಕೂರಿಗೆ ಹಿಂದೆ ನಡೆದ, ನಡೆಯಲಾಗದವನು ಸಜ್ಜೆ ಹೊಲದ ಅಟ್ಟಣಿಗೆಯಲ್ಲಿ ಕೂತು ಹಕ್ಕಿ ಓಡಿಸಿದ, ಅದೂ ಆಗದಾಗ ಬೀಜದ ಜೋಳದ ತೆನೆ ಆರಿಸಿದ. ಹೊಲ ಇದ್ದವರಿಗೆ ವಯಸ್ಸಾದರೆ ಕೆಲಸ ಬದಲಾಗುತ್ತದೆ, ಹೊಲ ಇಲ್ಲದವರಿಗೆ ವಯಸ್ಸಾದರೆ ಕೆಲಸ ನಿಲ್ಲುತ್ತದೆ.

*

ಗಂಗಾವತಿಯ ಪೇಟೆಯಲ್ಲಿ ಭತ್ತದ ಧಾರಣೆಯನ್ನು 75 ಕಿಲೋ ಚೀಲಕ್ಕೆ ಇಷ್ಟು ಎಂದು ಹೇಳುತ್ತಾರೆ. ಆ 75 ಕಿಲೋ ಒಬ್ಬ ಮನುಷ್ಯನ ಬೆನ್ನಿನ ಮೇಲೆ ಹೋಗುತ್ತದೆ. ತಲೆಗೆ ಸುತ್ತಿದ ಟವೆಲ್ಲು, ಕೈಯಲ್ಲಿ ಕಬ್ಬಿಣದ ಕೊಕ್ಕೆ, ಲಾರಿಗೆ ಆನಿಸಿದ ಹಲಗೆ. ಹಲಗೆ ಮೇಲೆ ಹತ್ತುವಾಗ ಹಮಾಲನ ಹೆಜ್ಜೆ ನೋಡಬೇಕು: ಮೊದಲು ಹೆಬ್ಬೆರಳು ಊರಿ, ಹಲಗೆಯ ಬಳುಕನ್ನು ಅಳೆದು, ಆಮೇಲೆ ಪೂರ್ತಿ ಪಾದ ಇಡುತ್ತಾನೆ. ಐವತ್ತೈದರ ಹೊತ್ತಿಗೆ ಆ ಮೊಣಕಾಲು ಮಾತು ಕೇಳುವುದಿಲ್ಲ. ಆಗ ಅವನಿಗೆ ಸಿಗುವುದು ದಬ್ಬಣ, ಸುತಲಿ. ಚೀಲ ಹೊರುತ್ತಿದ್ದವನು ಚೀಲದ ಬಾಯಿ ಹೊಲಿಯುತ್ತಾನೆ. ಅದಾದರೂ ಸಿಕ್ಕವನು ಪುಣ್ಯವಂತ, ಹೊಲಿಯುವ ಯಂತ್ರ ಬಂದ ಗಿರಣಿಗಳಲ್ಲಿ ಆ ಜಾಗವೂ ಇಲ್ಲ.

ಸಿಮೆಂಟ್ ಚೀಲ 50 ಕಿಲೋಗೆ ನಿಂತಿದೆ. ಭತ್ತದ ಚೀಲವೂ ಅಲ್ಲಿಗೆ ನಿಂತರೆ ಹಮಾಲರ ದುಡಿಮೆಯ ಆಯುಷ್ಯಕ್ಕೆ ಒಂದಷ್ಟು ವರ್ಷ ಕೂಡುತ್ತವೆ. ಅಷ್ಟು ವರ್ಷ ಅವರು ಯಾರ ಮುಂದೆಯೂ ಹೊಸ ಕೆಲಸ ಕೇಳುವುದು ತಪ್ಪುತ್ತದೆ. ವಯಸ್ಸಾದವರಿಗೆ ಕೆಲಸ ಕೊಡಿಸುವುದೆಂದರೆ ಮೊದಲು ಇದ್ದ ಕೆಲಸದಲ್ಲಿ ಅವರು ಉಳಿಯುವಂತೆ ನೋಡುವುದು.

*

2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದವರಿಗೆ ತಿಂಗಳಿಗೆ 1200 ರೂಪಾಯಿ. 2025-26ರ ಉದ್ಯೋಗ ಖಾತ್ರಿಯ ದಿನಗೂಲಿ 370. ತಿಂಗಳ ಪಿಂಚಣಿ ಮೂರು ದಿನದ ಕೂಲಿಗಿಂತ ತುಸು ಹೆಚ್ಚು. ಉಳಿದ ಇಪ್ಪತ್ತಾರು ದಿನ ಹೇಗೆ ಎಂಬ ಪ್ರಶ್ನೆಯೇ ಎಪ್ಪತ್ತರ ಮನುಷ್ಯನನ್ನು ಕೆಲಸ ಕೇಳಲು ಹೊರಡಿಸುವುದು.

*

ನಮ್ಮ ಕಡೆ ವಯಸ್ಸು ಕೇಳದೆ ಕೆಲಸ ಕೊಟ್ಟದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆ. ಹದಿನೆಂಟು ತುಂಬಿರಬೇಕು ಎಂದು ಬರೆದರು, ಎಷ್ಟಕ್ಕೆ ಮುಗಿಯಬೇಕು ಎಂದು ಬರೆಯಲಿಲ್ಲ. ಆ ಬರೆಯದೆ ಬಿಟ್ಟ ಸಾಲು ಎಷ್ಟೋ ಅಜ್ಜ ಅಜ್ಜಿಯರ ಕೈಗೆ ಸ್ವಂತ ಬ್ಯಾಂಕ್ ಪಾಸ್‌ಬುಕ್ ಕೊಟ್ಟಿತು. ಕರ್ನಾಟಕದಲ್ಲಿ 60 ದಾಟಿದವರಿಗೆ ಕೆಲಸದ ಪ್ರಮಾಣದಲ್ಲಿ ಶೇ 50 ರಿಯಾಯಿತಿಯೂ ಇದೆ: ಅರ್ಧ ಅಗೆದರೆ ಪೂರ್ತಿ ಕೂಲಿ.

ಆದರೆ ಕೆರೆ ಹೂಳೆತ್ತುವ ಜಾಗದಲ್ಲಿ ಗುಂಡಿಯನ್ನು ಗುಂಪಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅಜ್ಜಿಯ ಅರ್ಧವನ್ನು ಅಳತೆ ಪುಸ್ತಕದಲ್ಲಿ ಬೇರೆಯಾಗಿ ಬರೆಯದಿದ್ದರೆ ಆ ಅರ್ಧ ಮತ್ತೆ ಜೊತೆಯವರ ಸಲಿಕೆಗೇ ಬೀಳುತ್ತದೆ, ಮತ್ತೆ ಗುತ್ತಿಗೆ ನಾಟಿಯ ಕಥೆಯೇ ಆಗುತ್ತದೆ. ರಿಯಾಯಿತಿ ಗೋಡೆಬರಹದಲ್ಲಿದ್ದರೆ ಸಾಲದು, ಇಂಜಿನಿಯರ್ ಪೆನ್ನಿನಿಂದ ಇಳಿದಿರಬೇಕು. ಕಾಯಕ ಬಂಧು ಎಂದು ಕರೆಸಿಕೊಳ್ಳುವ ಗುಂಪಿನ ಮುಂದಾಳುಗಳು ಅದನ್ನು ಕೇಳಿ ಬರೆಸಬೇಕು. ನೀರು ಕೊಡುವ ಕೆಲಸ, ಮಕ್ಕಳನ್ನು ನೆರಳಲ್ಲಿ ನೋಡಿಕೊಳ್ಳುವ ಕೆಲಸ ಮೊದಲು ಹಿರಿಯರಿಗೇ ಹೋಗಬೇಕು.

*

2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ದಿನಗಳು 100ರಿಂದ 125ಕ್ಕೆ ಏರಿದವು. ಜೊತೆಗೆ ಬಿತ್ತನೆ, ಕಟಾವಿನ ಹಂಗಾಮಿನಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸಬಹುದು ಎಂಬ ಮಾತೂ ಸೇರಿತು. ರೈತರಿಗೆ ಆಳು ಸಿಗಲಿ ಎಂಬುದು ಉದ್ದೇಶ. ಗಟ್ಟಿ ಇದ್ದವರನ್ನು ಆ ಹಂಗಾಮಿನಲ್ಲಿ ರೈತರು ಕರೆಯುತ್ತಾರೆ. ವಯಸ್ಸಾದವರನ್ನು ಹಂಗಾಮಿನಲ್ಲೂ ಯಾರೂ ಕರೆಯುವುದಿಲ್ಲ. ಊರಿಗೆಲ್ಲ ಕೆಲಸವಿರುವ ಎರಡು ತಿಂಗಳು ಅವರಿಗೆ ಎರಡೂ ಕಡೆ ಬಾಗಿಲು ಮುಚ್ಚಬಹುದು. ಆ 60 ದಿನ 60 ದಾಟಿದವರಿಗೆ ಅನ್ವಯಿಸದಂತೆ ಮಾಡುವುದು ದೊಡ್ಡ ಕೇಳಿಕೆಯಲ್ಲ.

*

ಮಣ್ಣು, ಸುಣ್ಣ, ಸಿಮೆಂಟಿನಲ್ಲಿ ನಲವತ್ತು ವರ್ಷ ಆಡಿದ ಹೆಬ್ಬೆರಳಿನ ಗೆರೆ ಸವೆದಿರುತ್ತದೆ. ಕೂಲಿ ಎತ್ತಲು ಬಂದ ಮುದುಕಿ ಅದನ್ನು ಸೆರಗಿಗೆ ಒರೆಸುತ್ತಾಳೆ, ತಲೆಯ ಎಣ್ಣೆಗೆ ತಿಕ್ಕುತ್ತಾಳೆ, ಮತ್ತೆ ಬೆರಳಚ್ಚಿನ ಯಂತ್ರದ ಮೇಲೆ ಒತ್ತುತ್ತಾಳೆ. ಕೆಂಪು ದೀಪ. ಅವಳು ದುಡಿದಿದ್ದಾಳೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಯಂತ್ರಕ್ಕೆ ಮಾತ್ರ ಅದು ಅವಳು ಅವಳೇ ಅಲ್ಲ ಎಂಬುದರ ಸಾಕ್ಷಿ.

*

ನಮ್ಮ ಹಳ್ಳಿಗಳ ಹಿರಿಯರಲ್ಲಿ ಬಹಳ ಜನ ಆಧಾರ್ ಕಾರ್ಡಿನಲ್ಲಿ ಜನವರಿ 1ರಂದು ಹುಟ್ಟಿದ್ದಾರೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಯಂತ್ರ ಹಾಕಿದ ದಿನ ಅದು. ವರ್ಷವೂ ಅಂದಾಜೇ: "ಎಷ್ಟ್ ಇರಬೇಕ್ರಿ ನಿಮಗ?" "ಬರಗಾಲದ ಮರುವರ್ಷ ಹುಟ್ಟೀನಂತ." ಆ ಅಂದಾಜು ಐದು ವರ್ಷ ಕಡಿಮೆ ಬಿದ್ದರೆ ಪಿಂಚಣಿ ಇಲ್ಲ, ಐದು ವರ್ಷ ಹೆಚ್ಚು ಬಿದ್ದರೆ ಕೆಲಸ ಇಲ್ಲ. ಯಾರೋ ಒಬ್ಬರು ಮುಖ ನೋಡಿ ಬರೆದ ಸಂಖ್ಯೆ ಒಂದು ಮನೆಯ ಅಡುಗೆಯನ್ನು ತೀರ್ಮಾನಿಸುತ್ತದೆ.

*

ಸಂವಿಧಾನದ 41ನೇ ವಿಧಿ ದುಡಿಯುವ ಹಕ್ಕನ್ನೂ ಮುಪ್ಪಿನಲ್ಲಿ ಸಿಗಬೇಕಾದ ನೆರವನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಅದು ನಿರ್ದೇಶಕ ತತ್ವ, ಹಿಡಿದುಕೊಂಡು ಕೋರ್ಟಿಗೆ ಹೋಗಲಾಗದು. ಸರ್ಕಾರಿ ನೌಕರಿಯಲ್ಲಿ ಜಾತಿ, ಧರ್ಮ, ಲಿಂಗ, ಹುಟ್ಟೂರಿನ ಭೇದ ಮಾಡಬಾರದೆನ್ನುವ 16ನೇ ವಿಧಿಯಲ್ಲಿ ವಯಸ್ಸಿನ ಹೆಸರಿಲ್ಲ. ಅಮೆರಿಕದಲ್ಲಿ ನಲವತ್ತು ದಾಟಿದವರಿಗೆ ವಯಸ್ಸಿನ ಕಾರಣಕ್ಕೆ ನೌಕರಿಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು 1967ರಲ್ಲೇ ಬಂತು. ನಮ್ಮಲ್ಲಿ "25ರಿಂದ 35ರೊಳಗಿನವರು ಬೇಕಾಗಿದ್ದಾರೆ" ಎಂಬ ಫಲಕವನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ.

*

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ 2012ರ ತಿದ್ದುಪಡಿಯಲ್ಲಿ ಬಂತು, ಅದರ ಮೀಸಲಾತಿಯ ಆದೇಶಗಳು ಮರುವರ್ಷ ಬಂದವು. ಕೊಪ್ಪಳದವರಿಗೆ ಸರ್ಕಾರಿ ನೌಕರಿಯ ಬಾಗಿಲು ನಿಜವಾಗಿ ತೆರೆದದ್ದು ಆಗ. ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40 ಎಂಬ ವಯೋಮಿತಿ ಮಾತ್ರ ಇದ್ದಲ್ಲೇ ಇತ್ತು. ಆ ವಿಧಿಗಾಗಿ ಮೆರವಣಿಗೆ ಹೋದವರು, ಘೋಷಣೆ ಕೂಗಿದವರು, ಲಾಠಿ ತಿಂದವರು ಅಷ್ಟರಲ್ಲಿ ನಲವತ್ತು ದಾಟಿದ್ದರು. ಹೋರಾಟ ತಲೆಮಾರಿನಷ್ಟು ಉದ್ದವಾದರೆ ಅದರ ಫಲ ಹೋರಾಡಿದವರಿಗೆ ಸಿಗುವುದಿಲ್ಲ. ಆಗ ಪದವಿಯ ಪ್ರಮಾಣಪತ್ರ ಟ್ರಂಕಿನಲ್ಲಿಟ್ಟವರು ಈಗ ಐವತ್ತೈದರ ಆಸುಪಾಸಿನಲ್ಲಿದ್ದಾರೆ. ಕೆಲವರು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾರೆ, ಕೆಲವರು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾರೆ.

*

ಕೃಷ್ಣಾ ಬಿ ಸ್ಕೀಮಿನ ನೀರು ಬಂದರೆ ಊರಲ್ಲೇ ಕೆಲಸ ಎಂದು ಕಾದ ಕುಷ್ಟಗಿ, ಯಲಬುರ್ಗಾದ ಹರೆಯದವರು ಕಾಯುತ್ತಲೇ ಅಜ್ಜಂದಿರಾದರು.

*

ಗಿಣಿಗೇರಾ, ಬೇವಿನಹಳ್ಳಿ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಬಂದಾಗ ಜನ ಕೇಳಿದ್ದು ಮನೆಗೊಂದು ನೌಕರಿ. ಕೇಳಿದ್ದು ಸರಿಯೇ. ಆದರೆ ಆ ಒಂದು ನೌಕರಿ ಐಟಿಐ ಓದಿದ ಮಗನದು. ಹೊಲ ಉಳುತ್ತಿದ್ದ ಅಪ್ಪನಿಗೆ ಆಗ ನಲವತ್ತೆಂಟೋ ಐವತ್ತೋ; ಮೈಯಲ್ಲಿ ಇನ್ನೂ ಇಪ್ಪತ್ತು ವರ್ಷದ ದುಡಿಮೆ ಇತ್ತು, ಅದನ್ನು ಹಾಕಲು ಹೊಲ ಇರಲಿಲ್ಲ. ಪರಿಹಾರದ ಹಣದಲ್ಲಿ ಮನೆ ಎದ್ದಿತು, ಮದುವೆ ಆಯಿತು. ಭೂಮಿಯ ಬೆಲೆ ಕಟ್ಟುವವರು ಆ ಭೂಮಿ ಮುಂದೆ ಕೊಡಬಹುದಾಗಿದ್ದ ದುಡಿಮೆಯ ವರ್ಷಗಳಿಗೆ ಬೆಲೆ ಕಟ್ಟಲಿಲ್ಲ.

*

ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ 2008ರಿಂದ 60ಕ್ಕೆ, ಖಾಸಗಿ ಕಾರ್ಖಾನೆಗಳಲ್ಲಿ 2017ರಿಂದ 60ಕ್ಕೆ. ಭವಿಷ್ಯ ನಿಧಿಯ ಪಿಂಚಣಿ ಶುರುವಾಗುವುದು 58ಕ್ಕೆ, ಅದರ ಕನಿಷ್ಠ ಮೊತ್ತ 2014ರಿಂದ 1000 ರೂಪಾಯಿಗೇ ನಿಂತಿದೆ. ಈ ಎಲ್ಲ ಸಂಖ್ಯೆಗಳೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಗುತ್ತಿಗೆದಾರನ ಡೈರಿಯಲ್ಲಿ ಬರೀ ಅಡ್ಡಹೆಸರಿನಿಂದ ಇದ್ದವರಿಗೆ 58 ಕೂಡ ಇಲ್ಲ, 60 ಕೂಡ ಇಲ್ಲ.

*

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗಂಗಾವತಿಯಿಂದ ರಾಯಚೂರಿನವರೆಗೆ ಎಡದಂಡೆಯ ಊರುಗಳು ನಿದ್ದೆಗೆಟ್ಟವು. ಹರಿದುಹೋಗುತ್ತಿದ್ದದ್ದು ವರ್ಷದ ಅನ್ನ. ಆಗ ಕರೆಸಿದ್ದು ಎನ್. ಕನ್ನಯ್ಯ ನಾಯ್ಡು ಅವರನ್ನು. ಗೇಟುಗಳ ವಿಷಯದಲ್ಲಿ ಪಳಗಿದ, ಕೆಲಸದಿಂದ ನಿವೃತ್ತರಾದ, ಎಪ್ಪತ್ತೈದು ದಾಟಿದ ಮನುಷ್ಯ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಗಳನ್ನು ಇಳಿಸುವ ಉಪಾಯ ಹೂಡಿ, ಬಿಸಿಲಲ್ಲಿ ಮಳೆಯಲ್ಲಿ ಅಣೆಕಟ್ಟೆಯ ಮೇಲೆ ನಿಂತು, ವಾರದಲ್ಲಿ ನೀರು ನಿಲ್ಲಿಸಿದರು. ಪತ್ರಿಕೆಗಳು ಅವರ ವಯಸ್ಸನ್ನು ತಲೆಬರಹದಲ್ಲಿ ಹೊಗಳಿಕೆಯಾಗಿ ಬರೆದವು.

1953ರಲ್ಲಿ ಮುಗಿದ ಅಣೆಕಟ್ಟೆಯ ಗೇಟನ್ನು ಬಲ್ಲವರು ಆ ಗೇಟಿನ ಓರಗೆಯವರೇ ಆಗಿರುವುದು ಸಹಜ. ನಮ್ಮ ಕಡೆ ಹಳೆಯದಾದದ್ದು ಗೇಟು ಒಂದೇ ಅಲ್ಲ: ನಾಲೆಯ ತೂಬು, ಊರಿನ ಬಾವಿ, ಕೆರೆಯ ಕೋಡಿ, ಸರ್ವೆ ಕಲ್ಲು. ಒಂದೊಂದಕ್ಕೂ ಅದನ್ನು ಬಲ್ಲ, ನಾಲೆಗೆ ನೀರು ಬಿಡುವ ಒಬ್ಬ ಸೌಡಿಯೋ ಮಣ್ಣು ಕಲ್ಲಿನ ಕೆಲಸದ ಒಬ್ಬ ಒಡ್ಡನೋ ಎಲ್ಲೋ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾನೆ. ಒಡೆದ ಮೇಲೆ ಹುಡುಕಿಕೊಂಡು ಹೋಗುವುದಕ್ಕಿಂತ ಒಡೆಯುವ ಮೊದಲೇ ಪಗಾರ ಕೊಟ್ಟು ಜೊತೆಗೆ ಇಬ್ಬರು ಹುಡುಗರನ್ನು ನಿಲ್ಲಿಸುವುದು ಅಗ್ಗ.

*

ಅದೇ ಗೇಟುಗಳನ್ನು ಬದಲಿಸಲೆಂದು 2025-26ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಬೆಳೆ ಎರಡರಿಂದ ಒಂದಾದಾಗ ಕೂಲಿ ಅರ್ಧವಾಗುವುದಿಲ್ಲ: ಗಟ್ಟಿಗರಿಗೆ ಮುಕ್ಕಾಲು ಉಳಿಯುತ್ತದೆ, ವಯಸ್ಸಾದವರಿಗೆ ಏನೂ ಉಳಿಯುವುದಿಲ್ಲ.

*

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ 96 ವರ್ಷ. ಎಳೆಯ ವಯಸ್ಸಿನಿಂದ ತೊಗಲುಗೊಂಬೆ ಆಡಿಸಿದವರು, ಪರದೆಯ ಹಿಂದೆ ಕೂತು ರಾಮಾಯಣ, ಮಹಾಭಾರತವನ್ನು ದೇಶದಾಚೆಗೂ ಕೊಂಡೊಯ್ದವರು. ಪರದೆಯ ಹಿಂದಿನ ಕೆಲಸಕ್ಕೆ ವಯಸ್ಸು ಕಾಣುವುದಿಲ್ಲ. ದನಿ ಕೇಳುತ್ತದೆ, ಕೈ ತಿಳಿಯುತ್ತದೆ. ಆ ಗೌರವ ಕಂಡು ನನಗೆ ತುಂಬ ಸಂತೋಷವಾಯಿತು. ಪ್ರಶಸ್ತಿ ಒಬ್ಬರಿಗೆ ಸಿಕ್ಕ ವರ್ಷ ಆಟಕ್ಕೆ ವೀಳ್ಯ ಹತ್ತು ಜನರಿಗೆ ಸಿಗಬೇಕಿತ್ತು ಎಂಬ ಆಸೆಯೂ ಜೊತೆಗೇ ಬಂತು. ಊರ ಜಾತ್ರೆಯಲ್ಲಿ ಆರ್ಕೆಸ್ಟ್ರಾಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಗೊಂಬೆಯಾಟದ ಹಿರಿಯರಿಗೆ ಹೋದರೆ ಅದು ಸನ್ಮಾನವಾಗಿ ಮುಗಿಯದೆ ದುಡಿಮೆಯಾಗುತ್ತದೆ.

*

ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಆಟಿಕೆ ತಯಾರಾಗುತ್ತವೆ. ಭಾನಾಪುರದ ಬಳಿ 2021ರಲ್ಲಿ ಅಡಿಗಲ್ಲು ಹಾಕಿದ ಆಟಿಕೆ ಕ್ಲಸ್ಟರ್‌ನಲ್ಲಿ ಅಚ್ಚಿನಿಂದ ಬರುವ ಗೊಂಬೆ. ಅದಕ್ಕೆ ವೇಗದ ಕೈ ಬೇಕು. ಕಿನ್ನಾಳದಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಗೋಣಿನಾರು, ಮರದ ಹೊಟ್ಟು ಕಲಸಿ ಮೆತ್ತಿ, ಉಜ್ಜಿ ಬಣ್ಣ ಹಚ್ಚುವ ಗೊಂಬೆ. ಅದಕ್ಕೆ ಪಳಗಿದ ಕೈ ಬೇಕು. ಗೊಂಬೆಗೆ ಕಣ್ಣು ಬರೆಯುವುದನ್ನು ಚಿತ್ರಗಾರರ ಮನೆಯಲ್ಲಿ ಹುಡುಗರ ಕೈಗೆ ಕೊಡುವುದಿಲ್ಲ. ಎರಡು ಉದ್ಯಮವೂ ಬೇಕು, ಹರೆಯದ ಹೆಣ್ಣುಮಕ್ಕಳು ಮನೆಯ ಹತ್ತಿರ ಸಂಬಳ ಎಣಿಸುವುದು ಸಣ್ಣ ಮಾತಲ್ಲ. ಎಪ್ಪತ್ತರ ಕೈಗೆ ಬೆಲೆ ಕೊಡುವ ಉದ್ಯಮಕ್ಕೆ ಭೌಗೋಳಿಕ ಗುರುತಿನ ಪ್ರಮಾಣಪತ್ರದ ಜೊತೆ ವರ್ಷವಿಡೀ ಗಿರಾಕಿಯನ್ನೂ ಕೊಡಿಸಬೇಕು.

*

ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂತೆ ಜಿಗುಟಿಲ್ಲ. ಕುದಿಯುವ ಎಸರು ಸುರಿದು, ಕೈ ಸುಡುವಾಗಲೇ ಅಂಗೈಯ ಬುಡದಿಂದ ತಿಕ್ಕಿ ನಾದಿದರೆ ಮಾತ್ರ ಹಿಟ್ಟು ಕೂಡುತ್ತದೆ. ಎಸರು ಒಂದು ಹನಿ ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ಕೊಣಮಿಗೆಗೆ ಅಂಟುತ್ತದೆ. ಬಡಿಯುವಾಗ ರೊಟ್ಟಿ ತಾನೇ ತಿರುಗಬೇಕು. ಬೆರಳು ಹಿಡಿದು ತಿರುಗಿಸಿದರೆ ಒಂದು ಕಡೆ ದಪ್ಪ. ಹಂಚಿಗೆ ಹಾಕಿ ಮೇಲೆ ನೀರಿನ ಅರಿವೆ ಆಡಿಸುವ ಹೊತ್ತು ಗಡಿಯಾರ ನೋಡಿ ಬರುವುದಲ್ಲ.

ಕೊಪ್ಪಳ, ಗಂಗಾವತಿಯ ಖಾನಾವಳಿಗಳಲ್ಲಿ ಒಲೆಯ ಮುಂದೆ ಕೂತವರನ್ನು ನೋಡಿ: ಐವತ್ತು, ಅರವತ್ತು, ಅರವತ್ತೈದು. ನಮ್ಮ ಸೀಮೆಯಲ್ಲಿ ವಯಸ್ಸಾದ ಹೆಣ್ಣುಮಗಳನ್ನು ಮನೆಗೆ ಬಂದು ಕೆಲಸಕ್ಕೆ ಕರೆಯುವ ಉದ್ಯೋಗ ಇದು. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಬರುವಾಗ ಆ ಲಕ್ಷಾಂತರ ರೊಟ್ಟಿಯ ಹಿಂದೆ ಇರುವುದೂ ಈ ಕೈಗಳೇ. ದಾಸೋಹಕ್ಕೆ ಬಡಿದದ್ದು ಸೇವೆ, ಅದಕ್ಕೆ ಬೆಲೆ ಕೇಳುವವರು ಯಾರೂ ಇಲ್ಲ. ಖಾನಾವಳಿಗೆ ಬಡಿದದ್ದಕ್ಕೆ ಬೆಲೆ ಬೇಕು. ರೊಟ್ಟಿಯ ದರ ಏರಿದಾಗಲೆಲ್ಲ ಬಡಿಯುವವಳ ದರ ಏರಿತೇ ಎಂದು ಊಟ ಮಾಡುವ ನಾವು ಕೇಳಬಹುದು.

*

ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಎರಡು ಎಕರೆ ಜಮೀನನ್ನು ಊರಿನ ಶಾಲೆಗೆ ಕೊಟ್ಟರು. ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಮಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ದಾನಿಗೂ ಕೂಲಿ ಬೇಕಾಗುತ್ತದೆ, ಅದರಲ್ಲಿ ಕೀಳು ಏನೂ ಇಲ್ಲ. ತಾನು ಕೊಟ್ಟ ನೆಲದಲ್ಲಿ ಸೌಟು ಹಿಡಿದು ನಿಂತವರ ಮುಂದೆ "ಈ ವಯಸ್ಸಿನ್ಯಾಗ ಯಾಕ" ಎಂಬ ಮಾತು ನಿಲ್ಲುವುದಿಲ್ಲ.

*

ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಶುರುವಾದದ್ದು 2002ರ ಜೂನ್‌ನಲ್ಲಿ, ಕೊಪ್ಪಳವೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಅಂದು 38 ವರ್ಷದವಳಾಗಿ ಒಲೆ ಹಚ್ಚಿದವಳಿಗೆ 2024ಕ್ಕೆ 60. ಅರವತ್ತಾಯಿತು, ಬಿಡಿ ಎಂದರು. ಸರ್ಕಾರಿ ನೌಕರರಂತೆ ಅರವತ್ತಕ್ಕೆ ಬಿಡಿಸಿದರು, ಆದರೆ ಸರ್ಕಾರಿ ನೌಕರರಂತೆ ಪಿಂಚಣಿ ಕೊಡಲಿಲ್ಲ. ಇಡಗಂಟು ಕೊಡಿ ಎಂದು ಅಡುಗೆಯವರು ಬೀದಿಯಲ್ಲಿ ಕೂತದ್ದು ಅದಕ್ಕಾಗಿ. ಇಪ್ಪತ್ತೆರಡು ವರ್ಷ ಊರ ಮಕ್ಕಳಿಗೆ ಬಡಿಸಿದವಳು ಮತ್ತೆ ಕೆಲಸ ಕೇಳಿಕೊಂಡು ಅಲೆಯುವಾಗ, ಅವಳು ಬಡಿಸಿದ್ದನ್ನು ಉಂಡವರಲ್ಲೇ ಕೆಲವರು ಇಂದು ಕೆಲಸ ಕೊಡುವ ಜಾಗದಲ್ಲಿದ್ದಾರೆ.

*

ಕಾವಲುಗಾರನ ಕೆಲಸವನ್ನು ಮುದುಕರ ಕೆಲಸ ಎಂದೇ ಭಾವಿಸಿದ್ದೇವೆ. ಆದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ 65 ತುಂಬಿದವರನ್ನು ಏಜೆನ್ಸಿ ಕಾವಲಿಗೆ ಹಾಕುವಂತಿಲ್ಲ. ಅರವತ್ತಕ್ಕೆ ನಿವೃತ್ತನಾದವನಿಗೆ ಅಲ್ಲಿ ಸಿಗುವುದು ಐದು ವರ್ಷ, ಅದೂ ಹನ್ನೆರಡು ತಾಸಿನ ಪಾಳಿ. "ಕುಂತು ಮಾಡೋ ಕೆಲಸ" ಎಂದು ಕರೆಯುತ್ತಾರೆ, ಹೋಗಿ ನೋಡಿದರೆ ಕುರ್ಚಿ ಇರುವುದಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಕಾನೂನು ಮಾಡಿದವು. ಒಂದು ಕುರ್ಚಿ, ಹತ್ತಿರದಲ್ಲೊಂದು ಶೌಚಾಲಯ: ಇವೆರಡಿದ್ದರೆ ಅರವತ್ತರವರಿಂದ ಆಗುವ ಕೆಲಸಗಳ ಪಟ್ಟಿ ಇಮ್ಮಡಿಯಾಗುತ್ತದೆ.

*

ಕೆಲಸ ಕೇಳಲು ಹೋಗುವ ಹಿಂದಿನ ರಾತ್ರಿ ಹತ್ತು ರೂಪಾಯಿಯ ಬಣ್ಣದ ಚೀಟಿ ಒಡೆದು ತಲೆಗೆ ಹಚ್ಚಿಕೊಳ್ಳುವ ಗಂಡಸರಿದ್ದಾರೆ. ಅವರು ಯಾರನ್ನೂ ಮೋಸ ಮಾಡುತ್ತಿಲ್ಲ. ಕೈ ನೋಡದೆ ಕೂದಲು ನೋಡುವವರ ಮುಂದೆ ನಿಲ್ಲಬೇಕಾಗಿದೆ, ಅಷ್ಟೇ.

*

"ವಯಸ್ಸಾಗೈತಿ, ಅರ್ಧ ಕೂಲಿ ತಗೋ" ಎನ್ನುವುದು ಉಪಕಾರದಂತೆ ನಡೆಯುತ್ತದೆ. 1948ರ ಕನಿಷ್ಠ ವೇತನ ಕಾಯ್ದೆ ವಯಸ್ಕರು, ಹದಿಹರೆಯದವರು, ಮಕ್ಕಳು, ಕಲಿಕೆಯವರು ಎಂದು ಬೇರೆ ಬೇರೆ ದರಕ್ಕೆ ಅವಕಾಶ ಕೊಟ್ಟಿತ್ತು. ಮುದುಕರಿಗೆ ಬೇರೆ ದರ ಎಂಬುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಕಾನೂನಿನ ಕಣ್ಣಿಗೆ ಎಪ್ಪತ್ತರವನು ಪೂರ್ತಿ ವಯಸ್ಕ, ಅವನ ದಿನವೂ ಪೂರ್ತಿ ದಿನ.

*

ಗುಳೆ ಹೋಗುವ ಮನೆಗಳಲ್ಲಿ ಕೆಲಸ ಎರಡು ಭಾಗವಾಗುತ್ತದೆ. ಕುಷ್ಟಗಿಯಿಂದ ಮಂಗಳೂರಿಗೋ ಬೆಂಗಳೂರಿಗೋ ಗೋವಾಕ್ಕೋ ಹೋದ ಮಗ ಸೊಸೆ ಕಟ್ಟಡದ ಕೆಲಸ ಮಾಡುತ್ತಾರೆ. ಊರಲ್ಲಿ ಉಳಿದ ಅಜ್ಜಿ ಮೊಮ್ಮಕ್ಕಳಿಗೆ ಉಣಿಸಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಆಸ್ಪತ್ರೆಗೆ ಹೊತ್ತೊಯ್ದು, ಎಮ್ಮೆ ನೋಡಿ, ಸಂಘದ ಕಂತು ಕಟ್ಟುತ್ತಾಳೆ. ಆಕೆಯನ್ನು ಕೇಳಿದರೆ "ನಾ ಏನ್ ಮಾಡತೀನ್ರಿ, ಮನ್ಯಾಗ ಕುಂತೀನಿ" ಎನ್ನುತ್ತಾಳೆ. ಆಕೆ ಕೂತಿರುವುದನ್ನು ನಾನು ನೋಡಿಲ್ಲ.

ಐವತ್ತಕ್ಕೆ ಮೊಣಕಾಲು ಸೋತು ಗುಳೆಯಿಂದ ಮರಳುವವನದು ಇನ್ನೊಂದು ಸಂಕಟ. ಸೆಂಟ್ರಿಂಗ್, ಟೈಲ್ಸು, ಬಾರ್ ಬೆಂಡಿಂಗ್ ಎಲ್ಲ ಗೊತ್ತು, ಪ್ರಮಾಣಪತ್ರ ಇಲ್ಲ. ಪಂಚಾಯಿತಿಯ ಕಟ್ಟಡಗಳಿಗೆ ಮೇಸ್ತ್ರಿ ಬೇಕಾದಾಗ ಇಪ್ಪತ್ತೈದು ವರ್ಷ ಮಂಗಳೂರಿನ ಮಳೆಯಲ್ಲಿ ಸೋರದ ಮನೆ ಕಟ್ಟಿದವನು ಅದೇ ಊರ ಅಗಸಿಯಲ್ಲಿ ಕೂತಿರುತ್ತಾನೆ.

*

"ಅಪ್ಪ ದುಡಿಯಾಕ ಹೋದ್ರ ಊರಾಗ ಮಂದಿ ಏನಂತಾರ?" ಎನ್ನುವ ಮಕ್ಕಳಿದ್ದಾರೆ. ಮರ್ಯಾದೆಯ ಪ್ರಶ್ನೆ ಸಣ್ಣದಲ್ಲ, ಆದರೆ ಅದು ಎರಡು ಕಡೆಯದು. ಚಹಾ ಕುಡಿಯಲು ಸೊಸೆಯ ಕೈ ನೋಡಬೇಕಾದಾಗ ಅಪ್ಪನ ಮರ್ಯಾದೆಯೂ ಹೋಗುತ್ತದೆ.

*

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಅಲ್ಲಿಯವರೆಗೆ ಊರಿನ ನಾಲ್ಕು ಮೈಲಿಯೊಳಗೆ ಕೆಲಸ ಹುಡುಕುತ್ತಿದ್ದ ಹಿರಿಯ ಹೆಂಗಸಿನ ಊರು ಒಮ್ಮೆಲೇ ತಾಲ್ಲೂಕಿನಷ್ಟಾಯಿತು. ಬುತ್ತಿ ಹಿಡಿದು ಕೊಪ್ಪಳಕ್ಕೆ, ಗಂಗಾವತಿಗೆ ಹೋಗಿ ಪಾತ್ರೆ ತೊಳೆದು, ಸೊಪ್ಪು ಮಾರಿ ಬರುವವರು ಹೆಚ್ಚಾದರು. ಗಂಡಸರಿಗೆ 60ರ ಮೇಲೆ ಕಾಲು ಭಾಗ ರಿಯಾಯಿತಿ. ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ರೈಲು ಬಂತು, ಆದರೆ ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತ್ತು.

*

60 ದಾಟಿದವರಿಗೆ ಕೆಲಸ ಹುಡುಕಿಕೊಡಲು ಕೇಂದ್ರ ಸರ್ಕಾರ 2021ರ ಅಕ್ಟೋಬರ್ 1ರಂದು ಸೇಕ್ರೆಡ್ ಎಂಬ ಪೋರ್ಟಲ್ ತೆರೆಯಿತು. ಒಳ್ಳೆಯ ಯೋಚನೆ, ಓದಿ ನಿವೃತ್ತರಾದವರಿಗೆ ಉಪಯೋಗವಾದೀತು. ದಬ್ಬಣದಿಂದ ಚೀಲ ಹೊಲಿಯುವವನು ಅದರಲ್ಲಿ ತನ್ನ ಕೌಶಲವನ್ನು ಯಾವ ಖಾನೆಯಲ್ಲಿ ತುಂಬಬೇಕು? ಅವನಿಗೆ ಬೇಕಾದದ್ದು ಅವನ ಹೆಸರು ಬರೆದುಕೊಳ್ಳುವ ಒಬ್ಬ ಮನುಷ್ಯ, ನಡೆದು ಮುಟ್ಟುವಷ್ಟು ಹತ್ತಿರದಲ್ಲಿ.

*

ಜಪಾನಿನ ಟೋಕಿಯೋದಲ್ಲಿ 1975ರಲ್ಲಿ ಹಿರಿಯರ ಕೆಲಸದ ಕೇಂದ್ರ ಶುರುವಾಯಿತು, ಆಮೇಲೆ ದೇಶದ ತುಂಬ ಹಬ್ಬಿತು. ವಾರಕ್ಕೆ ಕೆಲವೇ ದಿನ, ದಿನಕ್ಕೆ ಕೆಲವೇ ತಾಸು. ಉದ್ಯಾನ ನೋಡುವುದು, ಸೈಕಲ್ ನಿಲ್ದಾಣ ಕಾಯುವುದು, ಕಾಗದದ ಬಾಗಿಲು ಹರಿದರೆ ಹೊಸ ಕಾಗದ ಅಂಟಿಸುವುದು. ಅಲ್ಲಿನ ಜಾಣತನ ಇರುವುದು ಕೆಲಸವನ್ನು ಸಣ್ಣ ತುಂಡು ಮಾಡಿದ್ದರಲ್ಲಿ. ನಮ್ಮ ಗ್ರಾಮ ಪಂಚಾಯಿತಿಗೆ ಅದಕ್ಕಾಗಿ ಹೊಸ ಕಟ್ಟಡ ಬೇಕಿಲ್ಲ, ಒಂದು ವಹಿ ಸಾಕು: ಯಾರಿಗೆ ಸಸಿಮಡಿ ಗೊತ್ತು, ಯಾರಿಗೆ ತೂಬು ಗೊತ್ತು, ಯಾರು ರೊಟ್ಟಿ ಬಡಿಯುತ್ತಾರೆ, ಯಾರು ಲೆಕ್ಕ ಬರೆಯುತ್ತಾರೆ, ಯಾರಿಗೆ ದಿನಕ್ಕೆ ನಾಲ್ಕು ತಾಸು ಆಗುತ್ತದೆ, ಯಾರಿಗೆ ಎರಡೇ.

ಶುರು ಮಾಡಲು ಸಸ್ಯಪಾಲನೆಯ ಕೆಲಸ ಒಳ್ಳೆಯದು. ಮಳೆಗಾಲದಲ್ಲಿ ಶಾಲೆಯ ಅಂಗಳಕ್ಕೆ, ರಸ್ತೆ ಬದಿಗೆ ಹಚ್ಚುವ ಹೊಂಗೆ, ಹುಣಸೆ ಸಸಿಗಳಿಗೆ ಜನವರಿ ಫೆಬ್ರವರಿಯಲ್ಲೇ ಮಣ್ಣು ಗೊಬ್ಬರ ಜರಡಿ ಹಿಡಿದು ಚೀಲ ತುಂಬಬೇಕು, ಬೀಜ ಊರಬೇಕು, ದಿನವೂ ನೀರು ಚಿಮುಕಿಸಬೇಕು, ಕಳೆ ಕೀಳಬೇಕು. ಎಲ್ಲವೂ ನೆರಳಿನಲ್ಲಿ ಕೂತು ಆಗುವ ಕೆಲಸ, ಪಗಾರ ಪೂರ್ತಿ ಕೊಡಬಹುದಾದ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ನಡಾವಳಿಯಲ್ಲಿ ಬರೆಸಬಹುದು. ಬರೆಸಿದ ಮೇಲೆ ಸಂಜೆ ಹೊತ್ತು ಹೋಗಿ ಹೆಸರು ಹಿಡಿದು ಕರೆಯಬೇಕು.